ಹೆಪಟೈಟಿಸ್ ಸಿ ಚಿಕಿತ್ಸೆಯ 84 ದಿನ: ಮನೆಯವರು ಯಾವುದನ್ನು ಆರಿಸಿಕೊಳ್ಳಬೇಕು?

ನಮ್ಮ ಮನೆಯವರಿಗೆ, ಅಂದರೆ ನನ್ನ ಗಂಡನಿಗೆ, ಹೆಪಟೈಟಿಸ್ ಸಿ ಚಿಕಿತ್ಸೆ ಎರಡು ಸಲ ಆಗಿದೆ. ವೈರಸ್ಸಿನಿಂದ ಲಿವರ್‌ಗೆ ಬರುವ ಕಾಯಿಲೆ ಇದು. 2008ರಲ್ಲಿ ಸೂಜಿ, 2016ರಲ್ಲಿ ಮಾತ್ರೆ. ಎರಡು ಸಲವೂ ಪಕ್ಕದಲ್ಲಿದ್ದವಳು ನಾನು. ಆಮೇಲೆ ಗೊತ್ತಿದ್ದವರ ಮನೆಯಲ್ಲಿ ಯಾರಿಗೆ ಈ ರಿಪೋರ್ಟ್ ಬಂದರೂ ನನಗೆ ಫೋನ್ ಬರುತ್ತದೆ. ಎಲ್ಲರೂ ಮೊದಲು ಕೇಳುವುದು ಒಂದೇ ಮಾತು: "ಯಾವ ಮಾತ್ರೆ ಒಳ್ಳೇದು?"

ಅದನ್ನು ಡಾಕ್ಟರು ನೋಡಿಕೊಳ್ಳುತ್ತಾರೆ. ಈಗಿನ ಮಾತ್ರೆಗಳನ್ನು ತಪ್ಪದೆ ನುಂಗಿದರೆ 100ರಲ್ಲಿ ಸುಮಾರು 95 ಜನಕ್ಕೆ ಕಾಯಿಲೆ ಪೂರ್ತಿ ವಾಸಿಯಾಗುತ್ತದೆ. ಮನೆಯವರ ಪಾಲಿಗೆ ಬರುವ ಆಯ್ಕೆಗಳೇ ಬೇರೆ. ಎಲ್ಲಿ ತೋರಿಸುವುದು? ಮಾತ್ರೆಯ ಡಬ್ಬಿ ಯಾರ ಕೈಯಲ್ಲಿರಬೇಕು? ಏನು ಉಣ್ಣಿಸುವುದು? ಯಾವ ತೊಂದರೆಗೆ ಮನೆಯಲ್ಲೇ ಕಾಯಬಹುದು, ಯಾವುದಕ್ಕೆ ರಾತ್ರೋರಾತ್ರಿ ಓಡಬೇಕು? ಯಾರಿಗೆ ಹೇಳುವುದು, ಯಾರಿಗೆ ಬೇಡ? ಮಾತ್ರೆಯ 12 ವಾರ, ಅಂದರೆ 84 ದಿನ, ಸರಿಯಾಗಿ ಮುಗಿಯುತ್ತದೋ ಇಲ್ಲವೋ ಅನ್ನುವುದು ಬಹಳ ಮಟ್ಟಿಗೆ ಇವುಗಳ ಮೇಲೆ ನಿಂತಿದೆ. ನಾನು ಡಾಕ್ಟರ್ ಅಲ್ಲ. ಔಷಧಿಯ ವಿಷಯದಲ್ಲಿ ನಿಮ್ಮ ಡಾಕ್ಟರ ಮಾತೇ ಕೊನೆ. ಇಲ್ಲಿ ಬರೆಯುತ್ತಿರುವುದು ಜೊತೆಗಿರುವವರಿಗಾಗಿ.

ಎರಡು ರಿಪೋರ್ಟ್, ಎರಡು ಅರ್ಥ

ಶುರುವಿಗೆ ಒಂದು ಸಣ್ಣ ವಿಷಯ. ರಕ್ತದಾನದ ಶಿಬಿರದಲ್ಲೋ ಆಪರೇಷನ್‌ಗೆ ಮುಂಚೆಯೋ "ಎಚ್‌ಸಿವಿ ಪಾಸಿಟಿವ್" (ಎಚ್‌ಸಿವಿ ಅಂದರೆ ಹೆಪಟೈಟಿಸ್ ಸಿ ವೈರಸ್) ಅಂತ ಬರುವುದು ಸಾಮಾನ್ಯವಾಗಿ ಆಂಟಿಬಾಡಿ ಪರೀಕ್ಷೆ. ವೈರಸ್ ಯಾವತ್ತೋ ಮೈಗೆ ಬಂದಿತ್ತು ಅಂತಷ್ಟೇ ಅದು ಹೇಳುತ್ತದೆ. ಕೆಲವರ ಮೈ ಮೊದಲ ಆರು ತಿಂಗಳಲ್ಲಿ ತಾನಾಗಿಯೇ ವೈರಸ್ಸನ್ನು ಓಡಿಸಿರುತ್ತದೆ. ಈಗ ಇದೆಯೋ ಇಲ್ಲವೋ ಅಂತ ಹೇಳುವುದು ವೈರಲ್ ಲೋಡ್ ಪರೀಕ್ಷೆ. ಚಿಕಿತ್ಸೆ ಬೇಕೋ ಬೇಡವೋ ಅನ್ನುವುದು ಅದರ ಮೇಲೆ.

ಇದನ್ನು ಈಗಲೇ ಹೇಳಲು ಕಾರಣವಿದೆ. ವಾಸಿಯಾದ ಮೇಲೂ ಆಂಟಿಬಾಡಿ ಪಾಸಿಟಿವ್ ಆಗಿಯೇ ಇರುತ್ತದೆ, ಜೀವನಪೂರ್ತಿ. 2019ರಲ್ಲಿ ಹಲ್ಲಿನ ಚಿಕಿತ್ಸೆಗೆ ಹೋದಾಗ ಒಂದು ಕಡೆ ಅದೇ ಪರೀಕ್ಷೆ ಮಾಡಿಸಿ "ನಿಮಗೆ ಕಾಯಿಲೆ ವಾಪಸ್ ಬಂದಿದೆ" ಅಂದುಬಿಟ್ಟರು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ವೈರಲ್ ಲೋಡ್ ನೋಡಿದರೆ ಏನೂ ಇರಲಿಲ್ಲ. ವಾಸಿಯಾದ ರಿಪೋರ್ಟಿನ ಒಂದು ಪ್ರತಿಯನ್ನು ಯಾವಾಗಲೂ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.

ಸೂಜಿಯ ಕಾಲ ಹೇಗಿತ್ತು

ಈಗ ಸೂಜಿ ಯಾರೂ ಹಾಕಿಸಿಕೊಳ್ಳಬೇಕಾಗಿಲ್ಲ. ಆದರೂ ಅದರ ಬಗ್ಗೆ ಹೇಳಲೇಬೇಕು. ಯಾಕೆಂದರೆ ಜನರ ಹೆದರಿಕೆಯೆಲ್ಲ ಅಲ್ಲಿಂದಲೇ ಬಂದದ್ದು. "ಆ ಚಿಕಿತ್ಸೆ ಬೇಡ, ಕಾಯಿಲೆಗಿಂತ ಅದೇ ಕಷ್ಟ" ಅಂತ ಹಳೆಯ ಮಾತು ಕೇಳಿ ಈಗಲೂ ಮಾತ್ರೆ ಶುರು ಮಾಡದೆ ಕೂತವರನ್ನು ನೋಡಿದ್ದೇನೆ.

ನಮ್ಮ ಮನೆಯವರಿಗೆ 1993ರಲ್ಲಿ ಬೈಕ್ ಅಪಘಾತ ಆಗಿ ನಾಲ್ಕು ಬಾಟಲಿ ರಕ್ತ ಕೊಟ್ಟಿದ್ದರು. ವೈರಸ್ 1989ರಲ್ಲೇ ಪತ್ತೆಯಾಗಿತ್ತು. ಆದರೆ ಆಗ ನಮ್ಮಲ್ಲಿ ರಕ್ತನಿಧಿಗಳಲ್ಲಿ ಅದರ ಪರೀಕ್ಷೆ ಕಡ್ಡಾಯ ಇರಲಿಲ್ಲ. 15 ವರ್ಷ ಏನೂ ಗೊತ್ತಾಗಲಿಲ್ಲ. ಗೊತ್ತಾದಾಗ ಇದ್ದ ಚಿಕಿತ್ಸೆ ಒಂದೇ: ವಾರಕ್ಕೊಂದು ಇಂಟರ್‌ಫೆರಾನ್ ಸೂಜಿ, ಜೊತೆಗೆ ದಿನಾ ರಿಬಾವಿರಿನ್ ಮಾತ್ರೆ. ನಮ್ಮ ದೇಶದಲ್ಲಿ ಜಾಸ್ತಿ ಕಾಣುವ ವೈರಸ್ ಬಗೆಯಾದ 3ನೇ ಜೀನೋಟೈಪ್‌ಗೆ 24 ವಾರ, 1ನೇ ಬಗೆಗೆ 48 ವಾರ. ಅಷ್ಟು ಮಾಡಿದರೂ ಎಲ್ಲರಿಗೂ ವಾಸಿಯಾಗುತ್ತಿರಲಿಲ್ಲ. 1ನೇ ಬಗೆಯಲ್ಲಿ ಸುಮಾರು ಅರ್ಧ ಜನಕ್ಕೆ ಮಾತ್ರ.

ನಾವಿದ್ದದ್ದು ದಾವಣಗೆರೆಯಲ್ಲಿ, ಸೂಜಿ ಸಿಗುತ್ತಿದ್ದದ್ದು ಬೆಂಗಳೂರಿನಲ್ಲಿ. ಥರ್ಮಾಸ್ ಫ್ಲಾಸ್ಕಿಗೆ ಐಸ್ ತುಂಬಿ ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದೆ. ಶನಿವಾರ ಸಂಜೆ ಸೂಜಿ. ರಾತ್ರಿ ಚಳಿ ಜ್ವರ, ಭಾನುವಾರವಿಡೀ ಮೈಕೈ ನೋವು. ಸೋಮವಾರ ಕೆಲಸಕ್ಕೆ. ಅದನ್ನಾದರೂ ತಡೆಯಬಹುದಿತ್ತು. ತಡೆಯಲಾಗದ್ದು ಮನಸ್ಸಿನ ಬದಲಾವಣೆ. ಎಂದೂ ದನಿ ಎತ್ತದ ಮನುಷ್ಯ ಮಗಳ ಮೇಲೆ ತಟ್ಟೆ ಎಸೆದರು. ಆಮೇಲೆ ಬಚ್ಚಲಲ್ಲಿ ಕೂತು ಅತ್ತರು. ಆ ಔಷಧಿಯಿಂದಲೇ ಖಿನ್ನತೆ ಬರುತ್ತದೆ ಅಂತ ನಮಗೆ ಯಾರೂ ಮೊದಲೇ ಹೇಳಿರಲಿಲ್ಲ. ಅವರ ಸ್ವಭಾವವೇ ಹಾಳಾಯಿತು ಅಂದುಕೊಂಡು ಮೂರು ತಿಂಗಳು ನಾನೂ ಅವರ ಮೇಲೆ ಕೋಪ ಇಟ್ಟುಕೊಂಡಿದ್ದೆ. ಇವತ್ತಿಗೂ ಅದು ನನಗೆ ನೋವು.

2016ರಲ್ಲಿ ಸೊಫೊಸ್ಬುವಿರ್, ಡಕ್ಲಾಟಸ್ವಿರ್ ಮಾತ್ರೆ ತೆಗೆದುಕೊಂಡಾಗ ಮೊದಲ ವಾರ ಸ್ವಲ್ಪ ತಲೆನೋವು, ಸ್ವಲ್ಪ ಸುಸ್ತು. ಅಷ್ಟೇ. ಹೋಲಿಕೆಯೇ ಇಲ್ಲ. ಸೂಜಿಯ ಕಥೆ ಕೇಳಿ ಹೆದರಿದವರು ನಿಮ್ಮ ಮನೆಯಲ್ಲಿದ್ದರೆ ಇದನ್ನು ಅವರಿಗೆ ಓದಿ ಹೇಳಿ.

ಮೂರು ಬಗೆಯ ಕೋರ್ಸ್, ಮನೆಯವರಿಗೆ ಮೂರು ಬಗೆಯ ಕೆಲಸ

ಯಾವ ಕೋರ್ಸ್ ಅನ್ನುವುದನ್ನು ಡಾಕ್ಟರು ಲಿವರ್ ಸ್ಥಿತಿ ನೋಡಿ ತೀರ್ಮಾನಿಸುತ್ತಾರೆ. ಒಂದೊಂದರಲ್ಲೂ ನಮ್ಮ ಎಚ್ಚರ ಬೇರೆ ಬೇರೆ.

ಲಿವರ್ ಇನ್ನೂ ಗಟ್ಟಿಯಾಗಿಲ್ಲ, ಅಂದರೆ ಸಿರೋಸಿಸ್ ಇಲ್ಲ ಅನ್ನುವವರಿಗೆ ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ ಸಾಮಾನ್ಯವಾಗಿ ಕೊಡುವುದು ಸೊಫೊಸ್ಬುವಿರ್ 400 ಮಿ.ಗ್ರಾಂ., ಡಕ್ಲಾಟಸ್ವಿರ್ 60 ಮಿ.ಗ್ರಾಂ., 12 ವಾರ. ದಿನಕ್ಕೊಂದು ಸಲ. ಊಟದ ಮುಂಚೆಯೋ ಆಮೇಲೆಯೋ ಅನ್ನುವ ತಲೆಬಿಸಿ ಇಲ್ಲ. ಇದು ಎಲ್ಲಕ್ಕಿಂತ ಸುಲಭ. ಇಲ್ಲಿರುವ ಅಪಾಯ ಒಂದೇ, ಮರೆಯುವುದು. ತೊಂದರೆ ಇಲ್ಲದ್ದರಿಂದಲೇ ಜನ ಮರೆಯುತ್ತಾರೆ. ಎರಡನೇ ತಿಂಗಳಿಗೆ "ನಾನು ಚೆನ್ನಾಗೇ ಇದೀನಲ್ಲ" ಅನ್ನುವ ಮಾತು ಬರುತ್ತದೆ. ಆಗ ನೀವು ಬೇಕು.

ಸಿರೋಸಿಸ್ ಇದ್ದು ಹೊಟ್ಟೆಯಲ್ಲಿ ನೀರು, ಕಾಮಾಲೆ ಏನೂ ಇಲ್ಲದವರಿಗೆ ಸೊಫೊಸ್ಬುವಿರ್, ವೆಲ್ಪಟಸ್ವಿರ್ ಎರಡೂ ಸೇರಿದ ಒಂದೇ ಮಾತ್ರೆ, ಅದೂ 12 ವಾರ. ಇಲ್ಲಿ ಒಂದು ದೊಡ್ಡ ಎಚ್ಚರಿಕೆ ಇದೆ: ಗ್ಯಾಸ್ ಮಾತ್ರೆ. ವೆಲ್ಪಟಸ್ವಿರ್ ಮೈಗೆ ಹತ್ತಬೇಕಾದರೆ ಹೊಟ್ಟೆಯಲ್ಲಿ ಆಮ್ಲ ಇರಬೇಕು. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ತರಹದ ಮಾತ್ರೆಗಳು ಆಮ್ಲವನ್ನೇ ಕಡಿಮೆ ಮಾಡುತ್ತವೆ. ನಮ್ಮ ಹಿಂದಿನ ಬೀದಿಯ ಅಜ್ಜಿಯೊಬ್ಬರು ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಗ್ಯಾಸ್ ಮಾತ್ರೆ, ಅರ್ಧ ಗಂಟೆ ಬಿಟ್ಟು ಈ ಮಾತ್ರೆ ನುಂಗುತ್ತಿದ್ದರು. ಹತ್ತು ದಿನ ಹೀಗೇ ನಡೆದಿತ್ತು. ಅಜ್ಜಿಯ ಲೆಕ್ಕದಲ್ಲಿ ಗ್ಯಾಸ್ ಮಾತ್ರೆ ಔಷಧಿಯೇ ಅಲ್ಲ. ಅದಕ್ಕೆ ಡಾಕ್ಟರಿಗೆ ಹೇಳಿರಲೇ ಇಲ್ಲ. ಮೊಮ್ಮಗ ಫೋನಿನಲ್ಲಿ ಡಬ್ಬಿಗಳ ಫೋಟೊ ಕಳಿಸಿದಾಗ ಗೊತ್ತಾಯಿತು. ಅವತ್ತೇ ಡಾಕ್ಟರ ಹತ್ತಿರ ಕಳಿಸಿದೆ. ಅವರು ಗ್ಯಾಸ್ ಮಾತ್ರೆ ನಿಲ್ಲಿಸಿದರು. ಬಿಡಲೇ ಆಗದವರಿಗೆ ಈ ಮಾತ್ರೆಯನ್ನು ಊಟದ ಜೊತೆ ಕೊಟ್ಟು, ನಾಲ್ಕು ಗಂಟೆ ಬಿಟ್ಟು ಕಡಿಮೆ ಡೋಸಿನ ಗ್ಯಾಸ್ ಮಾತ್ರೆ ಕೊಡುವ ಕ್ರಮವೂ ಇದೆ. ಕುಡಿಯುವ ಆಂಟಾಸಿಡ್ ಔಷಧಿಗೂ ನಾಲ್ಕು ಗಂಟೆಯ ಅಂತರ ಬೇಕು.

ಲಿವರ್ ಸೋತು ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಇದೇ ಮಾತ್ರೆಯ ಜೊತೆ ರಿಬಾವಿರಿನ್ ಸೇರುತ್ತದೆ. ಅದು ಆಗದಿದ್ದರೆ ರಿಬಾವಿರಿನ್ ಇಲ್ಲದೆ 24 ವಾರ. ಮೂರರಲ್ಲಿ ಕಷ್ಟದ್ದು ಇದೇ. ರಿಬಾವಿರಿನ್ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಒಂದೆರಡು ವಾರದಲ್ಲೇ ಹಿಮೋಗ್ಲೋಬಿನ್ ಇಳಿಯಲು ಶುರುವಾಗುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಗುಟ್ಟುವುದು, ಮೈ ತುರಿಕೆ, ಒಣಕೆಮ್ಮು. ಅದಕ್ಕೇ ರಕ್ತಪರೀಕ್ಷೆಯ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಒಂದೂ ಬಿಡಬೇಡಿ. ಹಿಮೋಗ್ಲೋಬಿನ್ 10ಕ್ಕಿಂತ ಕೆಳಗೆ ಹೋದರೆ ಡಾಕ್ಟರು ಡೋಸ್ ಇಳಿಸುತ್ತಾರೆ. ರಕ್ತ ಕಡಿಮೆ ಆಯಿತು ಅಂತ ನೀವೇ ಕಬ್ಬಿಣದ ಟಾನಿಕ್ ತಂದು ಕುಡಿಸಬೇಡಿ. ಇದು ಕಬ್ಬಿಣದ ಕೊರತೆಯಿಂದ ಆದದ್ದಲ್ಲ. ಇನ್ನೊಂದು ಮಾತು, ಹೇಳಲು ಜನ ಸಂಕೋಚ ಪಡುತ್ತಾರೆ: ರಿಬಾವಿರಿನ್ ಹೊಟ್ಟೆಯಲ್ಲಿರುವ ಮಗುವಿಗೆ ದೊಡ್ಡ ಅಪಾಯ. ತೆಗೆದುಕೊಳ್ಳುವವರು ಗಂಡಸಾಗಲಿ ಹೆಂಗಸಾಗಲಿ, ಚಿಕಿತ್ಸೆಯ ಕಾಲದಲ್ಲೂ ಮುಗಿದ ಮೇಲೆ ಕನಿಷ್ಠ ಆರು ತಿಂಗಳೂ ಬಸಿರು ನಿಲ್ಲದ ಹಾಗೆ ನೋಡಿಕೊಳ್ಳಬೇಕು. ಮನೆಯಲ್ಲಿ ಹೊಸದಾಗಿ ಮದುವೆಯಾದವರಿದ್ದರೆ ಯಾರಾದರೂ ಬಾಯಿಬಿಟ್ಟು ಹೇಳಲೇಬೇಕು.

ಯಾವ ಕೋರ್ಸ್ ಆದರೂ ಶುರು ಮಾಡುವ ಮುಂಚೆ ಮನೆಯಲ್ಲಿರುವ ಎಲ್ಲ ಔಷಧಿಗಳನ್ನೂ ಒಂದು ಚೀಲಕ್ಕೆ ಹಾಕಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಪಟ್ಟಿ ಬರೆದುಕೊಂಡು ಹೋಗುವುದಕ್ಕಿಂತ ಇದು ಎಷ್ಟೋ ಉತ್ತಮ. ಪಟ್ಟಿಯಲ್ಲಿ ಗ್ಯಾಸ್ ಮಾತ್ರೆ, ನೋವಿನ ಮಾತ್ರೆ, ಲೇಹ್ಯ ಎಲ್ಲ ಬಿಟ್ಟುಹೋಗುತ್ತವೆ. ಹೃದಯದ ಬಡಿತಕ್ಕೆ ಕೊಡುವ ಅಮಿಯೊಡರೋನ್ ಇದ್ದವರು ಸೊಫೊಸ್ಬುವಿರ್ ತೆಗೆದುಕೊಂಡರೆ ಬಡಿತ ತೀರಾ ನಿಧಾನವಾಗಿ ಜೀವಕ್ಕೆ ಕುತ್ತಾಗಬಹುದು. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಾಜೆಪಿನ್, ಟಿಬಿಗೆ ಕೊಡುವ ರಿಫಾಂಪಿಸಿನ್ ಇವು ಈ ಮಾತ್ರೆಗಳ ಬಲವನ್ನೇ ಕುಗ್ಗಿಸುತ್ತವೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ವೈರಸ್ ಕಡಿಮೆಯಾದ ಹಾಗೆ ಸಕ್ಕರೆಯೂ ಇಳಿಯಬಹುದು. ಹಳೆಯ ಡೋಸಿನ ಇನ್ಸುಲಿನ್ ಆಗ ಜಾಸ್ತಿಯಾಗುತ್ತದೆ. ಬೆವರು, ನಡುಕ ಕಂಡರೆ ಮೊದಲು ಸಕ್ಕರೆ ಪರೀಕ್ಷೆ ಮಾಡಿ. ಹೆಪಟೈಟಿಸ್ ಬಿ ಪರೀಕ್ಷೆಯೂ ಮೊದಲೇ ಆಗಿರಬೇಕು. ಬಿ ಇದ್ದವರಲ್ಲಿ ಸಿ ಹೋದ ಕೂಡಲೇ ಬಿ ತಲೆ ಎತ್ತಬಹುದು.

ಜಿಲ್ಲಾಸ್ಪತ್ರೆಯೋ, ದೂರದ ದೊಡ್ಡ ಆಸ್ಪತ್ರೆಯೋ

2013ರ ಕೊನೆಗೆ ಅಮೆರಿಕದಲ್ಲಿ ಸೊಫೊಸ್ಬುವಿರ್ ಬಂದಾಗ ಒಂದು ಮಾತ್ರೆಗೆ 1,000 ಡಾಲರ್. 12 ವಾರಕ್ಕೆ 84,000 ಡಾಲರ್. ನಾವೆಲ್ಲ ಆಸೆ ಬಿಟ್ಟಿದ್ದೆವು. 2014ರ ಸೆಪ್ಟೆಂಬರಿನಲ್ಲಿ ಆ ಮಾತ್ರೆಯ ಒಡೆತನವಿದ್ದ ಗಿಲಿಯಡ್ ಕಂಪನಿ ಭಾರತದ ಏಳು ಕಂಪನಿಗಳಿಗೆ ತಯಾರಿಸಲು ಅನುಮತಿ ಕೊಟ್ಟಿತು. ಅದರಲ್ಲಿ ಬೆಂಗಳೂರಿನ ಸ್ಟ್ರೈಡ್ಸ್ ಕೂಡ ಒಂದು. 2015ರಲ್ಲಿ ಇಲ್ಲಿ 28 ಮಾತ್ರೆಯ ಡಬ್ಬಿ 20,000 ರೂಪಾಯಿ ಆಸುಪಾಸಿಗೆ ಬಂತು. ಆಮೇಲೆ ಇನ್ನೂ ಇಳಿಯಿತು. ನಾವು ಕೊಂಡದ್ದು ಬಳೆ ಅಡವಿಟ್ಟು.

ಈಗ ಹಾಗಿಲ್ಲ. 2018ರ ಜುಲೈ 28ರಂದು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಅದರ ಚಿಕಿತ್ಸಾ ಕೇಂದ್ರಗಳಲ್ಲಿ ಪರೀಕ್ಷೆಯೂ ಉಚಿತ, ಮಾತ್ರೆಯೂ ಉಚಿತ. ಹತ್ತಿರದ ಕೇಂದ್ರ ಎಲ್ಲಿ ಅಂತ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. 104 ಆರೋಗ್ಯ ಸಹಾಯವಾಣಿಗೂ ಫೋನ್ ಮಾಡಿ ನೋಡಬಹುದು.

"ಬಿಟ್ಟಿ ಕೊಡುವುದು ಅಷ್ಟು ಒಳ್ಳೇದಿರಲ್ಲ" ಅನ್ನುವ ಮಾತು ನನಗೆ ಬೇಸರ ತರಿಸುತ್ತದೆ. ಔಷಧಿ ಅದೇ. ಪಂಜಾಬಿನಲ್ಲಿ 2016ರಿಂದ ಜಿಲ್ಲಾಸ್ಪತ್ರೆಗಳಲ್ಲೇ ಇದೇ ಮಾತ್ರೆಗಳನ್ನು ಉಚಿತವಾಗಿ ಕೊಟ್ಟರು. 100ರಲ್ಲಿ 90ಕ್ಕೂ ಹೆಚ್ಚು ಜನಕ್ಕೆ ವಾಸಿಯಾಯಿತು. ದೊಡ್ಡ ಊರಿನ ತಜ್ಞರೇ ಬೇಕು ಅನ್ನುವವರಿಗೆ ಇನ್ನೊಂದು ವಿಷಯ ಹೇಳುತ್ತೇನೆ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಡಾ. ಸಂಜೀವ್ ಅರೋರಾ ಅನ್ನುವ ನಮ್ಮ ದೇಶ ಮೂಲದ ಲಿವರ್ ತಜ್ಞರು 2003ರಲ್ಲಿ ಹಳ್ಳಿಗಳ ಸಾಮಾನ್ಯ ಡಾಕ್ಟರುಗಳಿಗೆ ವಿಡಿಯೊ ಮೂಲಕ ಹೆಪಟೈಟಿಸ್ ಸಿ ಚಿಕಿತ್ಸೆ ಕಲಿಸಲು ಶುರು ಮಾಡಿದರು. 2011ರಲ್ಲಿ ಫಲಿತಾಂಶ ಹೊರಗೆ ಬಂತು. ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ವಾಸಿಯಾದವರು 57.5%, ಹಳ್ಳಿಗಳಲ್ಲಿ 58.2%. ಅದೂ ಸೂಜಿಯ ಕಾಲದಲ್ಲಿ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಸಿರೋಸಿಸ್ ಇಲ್ಲದಿದ್ದರೆ ಹತ್ತಿರದ ಸರ್ಕಾರಿ ಕೇಂದ್ರವೇ ಸರಿ. ತಿಂಗಳಿಗೊಂದು ಸಲ 260 ಕಿಲೋಮೀಟರ್ ಹೋಗಿಬರುವ ಸುಸ್ತು, ಬಸ್ಸಿನ ಖರ್ಚು, ರಜೆ ಇವೇ ಎಷ್ಟೋ ಜನ ಅರ್ಧಕ್ಕೆ ಬಿಡಲು ಕಾರಣ. ಹೊಟ್ಟೆಯಲ್ಲಿ ನೀರು, ಹಿಂದೆ ಒಮ್ಮೆ ಮಾತ್ರೆ ಮುಗಿಸಿಯೂ ವಾಸಿಯಾಗದಿರುವುದು, ಹೆಪಟೈಟಿಸ್ ಬಿ ಅಥವಾ ಎಚ್‌ಐವಿ ಜೊತೆಗಿರುವುದು, ಡಯಾಲಿಸಿಸ್ ನಡೆಯುತ್ತಿರುವುದು ಇಂಥ ಸಂದರ್ಭದಲ್ಲಿ ಲಿವರ್ ತಜ್ಞರಿಗೆ ತೋರಿಸಿ. ಆಗಲೂ ಜಿಲ್ಲಾಸ್ಪತ್ರೆಯಿಂದಲೇ ಬರೆಸಿಕೊಂಡು ದೊಡ್ಡ ಸರ್ಕಾರಿ ಕೇಂದ್ರಕ್ಕೆ ಹೋಗಬಹುದು. ಖಾಸಗಿಗೆ ಹೋದರೆ ಸರದಿ ಕಡಿಮೆ, ಮಾತಾಡಲು ಸಮಯ ಜಾಸ್ತಿ. ಆದರೆ ಹಣ ಮೂರನೇ ಡಬ್ಬಿಯವರೆಗೂ ಇದೆಯಾ ಅಂತ ಮೊದಲೇ ಲೆಕ್ಕ ಹಾಕಿ. ಎರಡು ಡಬ್ಬಿ ಮುಗಿಸಿ ಕೈ ಖಾಲಿಯಾದ ಮನೆಯೊಂದನ್ನು ನೋಡಿದ್ದೇನೆ.

ಡಬ್ಬಿ ಯಾರ ಕೈಯಲ್ಲಿ?

ಮೂರು ದಾರಿ ಇವೆ. ರೋಗಿಯೇ ನೋಡಿಕೊಳ್ಳುವುದು, ಮನೆಯವರು ಕೊಡುವುದು, ಹೊರಗಿನವರೊಬ್ಬರು ನೆನಪಿಸುವುದು.

ಕೆಲಸಕ್ಕೆ ಹೋಗುವ, ಬುದ್ಧಿ ಚುರುಕಾಗಿರುವ ಮನುಷ್ಯನ ಕೈಯಿಂದ ಡಬ್ಬಿ ಕಸಿದುಕೊಳ್ಳಬೇಡಿ. ನಾನು 2008ರಲ್ಲಿ ಮಾಡಿದ ತಪ್ಪು ಅದು. "ನುಂಗಿದ್ರಾ? ನುಂಗಿದ್ರಾ?" ಅಂತ ದಿನಕ್ಕೆ ಮೂರು ಸಲ ಕೇಳುತ್ತಿದ್ದೆ. ಅವರಿಗೆ ಜೈಲಿನಲ್ಲಿದ್ದ ಹಾಗಾಗಿತ್ತು. 2016ರಲ್ಲಿ ಬೇರೆ ಮಾಡಿದೆವು. ದೇವರ ಮನೆ ಬಾಗಿಲ ಪಕ್ಕ ಕ್ಯಾಲೆಂಡರ್. ಬೆಳಿಗ್ಗೆ ತಿಂಡಿ ಆದ ಮೇಲೆ ಅವರು ಮಾತ್ರೆ ನುಂಗಿ ಗೀಟು ಹಾಕುವುದು, ನಾನು ಬಾಯಿ ಮುಚ್ಚಿಕೊಂಡು ಗೀಟು ನೋಡುವುದು. ಅಷ್ಟರಿಂದ ಮನೆಯಲ್ಲಿ ಎಷ್ಟು ಶಾಂತಿ ಇತ್ತು ಅಂದರೆ ಹೇಳಲಾರೆ.

ವಯಸ್ಸಾದವರಿಗೆ, ಮರೆವಿರುವವರಿಗೆ, ಸಿರೋಸಿಸ್‌ನಿಂದ ಮಂಪರು ಬರುವವರಿಗೆ ಮನೆಯವರೇ ಕೊಡಬೇಕು. ಕೊಡುವವರು ಒಬ್ಬರೇ ಆಗಿರಲಿ. ಸೊಸೆಯೂ ಕೊಟ್ಟು ಮಗನೂ ಕೊಟ್ಟರೆ ಎರಡಾಗುತ್ತದೆ. ಒಬ್ಬರೇ ಇರುವವರಿಗೆ, ಮನೆಯಲ್ಲಿ ಹೇಳಿಕೊಳ್ಳಲಾಗದವರಿಗೆ ಒಬ್ಬ ಗೆಳೆಯನ ಫೋನ್ ಸಾಕು. ಆಶಾ ಕಾರ್ಯಕರ್ತೆಯ ಮೇಲೆ ನಂಬಿಕೆ ಇದ್ದರೆ ಅವರನ್ನೂ ಕೇಳಬಹುದು. ಕೇಳುವ ಮುಂಚೆ ರೋಗಿಯ ಒಪ್ಪಿಗೆ ಇರಲಿ.

ಮರೆತರೆ? ಅದೇ ದಿನ ನೆನಪಾದರೆ ಆಗಲೇ ನುಂಗಲಿ. ಮಾರನೇ ದಿನ ನೆನಪಾದರೆ ಆ ದಿನದ್ದು ಒಂದೇ, ಎರಡು ಸೇರಿಸಿ ಬೇಡ. ನುಂಗಿ ಎರಡು ಮೂರು ಗಂಟೆಯೊಳಗೆ ವಾಂತಿಯಾದರೆ ಡಾಕ್ಟರಿಗೆ ಫೋನ್ ಮಾಡಿ, ಇನ್ನೊಂದು ಬೇಕಾಗಬಹುದು. ಊರಿಗೆ ಹೋಗುವಾಗ ಪೂರ್ತಿ ಡಬ್ಬಿ ಕೈಚೀಲದಲ್ಲಿರಲಿ. ಮುಂದಿನ ಡಬ್ಬಿಯನ್ನು ಇರುವುದು ಖಾಲಿಯಾಗುವ ಒಂದು ವಾರ ಮೊದಲೇ ತನ್ನಿ.

ಮನೆಯಲ್ಲೇ ಕಾಯುವುದು, ಫೋನ್ ಮಾಡುವುದು, ಓಡುವುದು

ತಲೆನೋವು, ಸುಸ್ತು, ವಾಕರಿಕೆ, ನಿದ್ದೆ ಸರಿ ಬಾರದಿರುವುದು ಇವು ಬರುವಂಥವೇ. ಮನೆಯಲ್ಲೇ ಸುಧಾರಿಸಬಹುದು. ಸುಸ್ತಿರುವವರನ್ನು ಸುಮ್ನೆ ಮಲಗಿಸಿಬಿಡುವುದಕ್ಕಿಂತ ಸಂಜೆ ಕಾಲು ಗಂಟೆ ಜೊತೆಯಲ್ಲಿ ನಡೆದಾಡಿದರೆ ಮೇಲು. ಬೆಳಿಗ್ಗೆ ಮಾತ್ರೆ ನುಂಗಿ ಕೆಲಸದಲ್ಲಿ ಸುಸ್ತಾದರೆ ಡಾಕ್ಟರನ್ನು ಕೇಳಿ ರಾತ್ರಿಗೆ ಬದಲಿಸಿಕೊಳ್ಳಬಹುದು. ವಾಕರಿಕೆಗೆ ನಮ್ಮೂರಿನ ಒಣ ಮಂಡಕ್ಕಿ ಚೆನ್ನಾಗಿ ಕೆಲಸ ಮಾಡಿತು. ಜೊತೆಗಿನ ಮೆಣಸಿನಕಾಯಿ ಮಾತ್ರ ಬೇಡ. ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ ತಿನ್ನಲಿ. ತಲೆನೋವಿಗೆ ಪ್ಯಾರಾಸಿಟಮಾಲ್ ಆಗಬಹುದು. ಸಿರೋಸಿಸ್ ಇದ್ದವರಿಗೆ ದಿನಕ್ಕೆ 2 ಗ್ರಾಂ ದಾಟಬಾರದು, ಅಂದರೆ 500ರ ಮಾತ್ರೆ ನಾಲ್ಕು. ಡೈಕ್ಲೊಫೆನಾಕ್, ಐಬುಪ್ರೊಫೆನ್ ಅವರಿಗೆ ಬೇಡವೇ ಬೇಡ. ಕಿಡ್ನಿಗೂ ಹೊಟ್ಟೆಗೂ ಹೊಡೆತ.

ಫೋನ್ ಮಾಡಬೇಕಾದವು: ಮೈಮೇಲೆ ದದ್ದು, ರಿಬಾವಿರಿನ್ ಇದ್ದವರಲ್ಲಿ ಏದುಸಿರು, ಎರಡು ದಿನಕ್ಕೂ ನಿಲ್ಲದ ವಾಂತಿ, ಕಾಲು ಊತ, ಬೇರೆ ಡಾಕ್ಟರು ಹೊಸ ಔಷಧಿ ಬರೆದುಕೊಟ್ಟಿರುವುದು. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಕೇಳಿ, ಆಮೇಲೆ.

ರಾತ್ರಿಯಾದರೂ ಓಡಬೇಕಾದವು: ರಕ್ತವಾಂತಿ, ಡಾಂಬರಿನ ಹಾಗೆ ಕಪ್ಪು ಮಲ, ಕಣ್ಣು ಹೊಸದಾಗಿ ಹಳದಿಯಾಗುವುದು, ಪ್ರಜ್ಞೆ ತಪ್ಪುವುದು, ಎದೆನೋವು, ಹೊಟ್ಟೆಯಲ್ಲಿ ನೀರಿರುವವರಿಗೆ ಜ್ವರ ಅಥವಾ ಹೊಟ್ಟೆನೋವು. ಇನ್ನೊಂದನ್ನು ಮನೆಯವರು ಮಾತ್ರ ಹಿಡಿಯಬಲ್ಲರು. ಸಿರೋಸಿಸ್ ಇದ್ದವರು ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಎಚ್ಚರ ಇರಲು ಶುರು ಮಾಡಿದರೆ, ಮಾತು ತಡವರಿಸಿದರೆ, ಗೊತ್ತಿರುವವರ ಹೆಸರು ಮರೆತರೆ, ಅದು ಮಿದುಳಿಗೆ ವಿಷ ಏರುತ್ತಿರುವ ಮೊದಲ ಗುರುತು. ಎಷ್ಟೋ ಮನೆಗಳಲ್ಲಿ "ಪಾಪ, ರಾತ್ರಿ ನಿದ್ದೆ ಬರ್ತಿಲ್ಲ" ಅಂತ ನಿದ್ದೆ ಮಾತ್ರೆ ಕೊಟ್ಟುಬಿಡುತ್ತಾರೆ. ಅದರಿಂದ ಪ್ರಜ್ಞೆಯೇ ಹೋಗಬಹುದು. ಅವರಿಗೆ ಮಲಬದ್ಧತೆ ಆಗದ ಹಾಗೂ ನೋಡಿಕೊಳ್ಳಿ.

ಈಗಿನ ಮಾತ್ರೆಗಳಿಂದ ಸೂಜಿಯ ಕಾಲದಷ್ಟು ಖಿನ್ನತೆ ಬರುವುದಿಲ್ಲ. ಆದರೂ ಕಾಯಿಲೆಯ ಹೆದರಿಕೆ, ನಾಚಿಕೆ ಇರುತ್ತದಲ್ವಾ? ಮಾತು ಕಡಿಮೆಯಾದರೆ, ಊಟ ಬೇಡ ಅಂದರೆ, "ನಾನಿದ್ದು ಏನು ಪ್ರಯೋಜನ" ಅನ್ನುವ ಮಾತು ಬಂದರೆ ತಡ ಮಾಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಪಥ್ಯವೋ, ಹೊಟ್ಟೆ ತುಂಬ ಊಟವೋ

ಇದರಲ್ಲಿ ನಾನು ಮನೆಯ ಹಿರಿಯರೆಲ್ಲರ ಜೊತೆ ಜಗಳ ಮಾಡಿದ್ದೇನೆ. ಲಿವರ್ ಅಂದ ಕೂಡಲೇ ಎಣ್ಣೆ ಬೇಡ, ಬೇಳೆ ಬೇಡ, ಮೊಟ್ಟೆ ಬೇಡ, ಅರಿಶಿನ ಬೇಡ. ಗಂಜಿ, ಮಜ್ಜಿಗೆ, ಕಬ್ಬಿನ ಹಾಲು. 2008ರಲ್ಲಿ ಅತ್ತೆಯ ಮಾತು ಕೇಳಿ ಹೀಗೇ ಮಾಡಿದೆವು. ಆರು ತಿಂಗಳಲ್ಲಿ ಒಂಬತ್ತು ಕೆಜಿ ಇಳಿದರು. ತೋಳು ಕಡ್ಡಿಯಾಯಿತು.

ಎರಡನೇ ಸಲ ಡಾಕ್ಟರು ಬಿಡಿಸಿ ಹೇಳಿದರು. ಕಾಯಿಲೆಬಿದ್ದ ಲಿವರ್ ಶಕ್ತಿಯನ್ನು ಕೂಡಿಟ್ಟುಕೊಳ್ಳಲಾರದು, ಅದಕ್ಕೆ ಮೈ ತನ್ನ ಮಾಂಸಖಂಡವನ್ನೇ ಕರಗಿಸಿ ತಿನ್ನುತ್ತದೆ. ಆದ್ದರಿಂದ ಪ್ರೋಟೀನ್ ಜಾಸ್ತಿ ಬೇಕು. ಸಿರೋಸಿಸ್ ಇದ್ದವರಿಗೂ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 1.2ರಿಂದ 1.5 ಗ್ರಾಂ. 60 ಕೆಜಿ ಇರುವವರಿಗೆ 72ರಿಂದ 90 ಗ್ರಾಂ. ನಮ್ಮ ಸಾಮಾನ್ಯ ಊಟದಲ್ಲಿ ಅಷ್ಟು ಬರುವುದಿಲ್ಲ. ದಪ್ಪ ಬೇಳೆಸಾರು, ಮೊಳಕೆಕಾಳಿನ ಪಲ್ಯ, ಮೊಸರು, ಶೇಂಗಾ, ತಿನ್ನುವವರಿಗೆ ಮೊಟ್ಟೆ, ಮೀನು, ಕೋಳಿ. ಮಲಗುವ ಮುಂಚೆ ಏನಾದರೂ ಸಣ್ಣದು ತಿನ್ನಿಸಿ. ನಾವು ರಾಗಿ ಗಂಜಿಗೆ ಹಾಲು ಹಾಕಿ ಕೊಡುತ್ತಿದ್ದೆವು. ರಾತ್ರಿಯಿಡೀ ಹತ್ತು ಗಂಟೆ ಕಾಲ ಉಪವಾಸ ಇರುವುದು ಸಿರೋಸಿಸ್ ಇದ್ದವರಿಗೆ ದೊಡ್ಡ ನಷ್ಟ. ಏಕಾದಶಿ, ಶಿವರಾತ್ರಿಯ ಉಪವಾಸ ಆ ವರ್ಷ ಮನೆಯ ಬೇರೆಯವರು ಮಾಡಲಿ.

ಕಡಿಮೆ ಮಾಡಬೇಕಾದದ್ದು ಉಪ್ಪು, ಅದೂ ಹೊಟ್ಟೆಯಲ್ಲಿ ನೀರು, ಕಾಲು ಊತ ಇದ್ದವರಿಗೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಬದಿಗಿಡಿ. ಅಂಗಡಿಯಲ್ಲಿ ಸಿಗುವ ಲೋ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಷಿಯಂ ಇರುತ್ತದೆ. ನೀರಿಳಿಸುವ ಮಾತ್ರೆ ಇದ್ದವರು ಕೇಳದೆ ಬಳಸಬಾರದು. ಕಾಫಿ ಬಿಡಬೇಕಾಗಿಲ್ಲ. ದಿನಕ್ಕೆ ಎರಡು ಮೂರು ಕಪ್ ಕಾಫಿ ಲಿವರ್‌ಗೆ ಒಳ್ಳೇದೇ ಅಂತ ಅಧ್ಯಯನಗಳು ಹೇಳುತ್ತವೆ. ನಮ್ಮ ಮನೆಯವರಿಗೆ ಈ ಸುದ್ದಿ ಕೇಳಿ ಆದ ಸಂತೋಷ ವೈರಲ್ ಲೋಡ್ ಇಳಿದಾಗಲೂ ಆಗಿರಲಿಲ್ಲ.

ಕಾಮಾಲೆಗೆ ಬೇರು ಅರೆದು ಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ಹೊಸದಾಗಿ ಬಂದ ಹೆಪಟೈಟಿಸ್ ಎ ಕಾಮಾಲೆ ತಾನಾಗಿಯೇ ಇಳಿಯುತ್ತದೆ, ಹೆಸರು ಬೇರಿಗೆ ಬರುತ್ತದೆ. ಹೆಪಟೈಟಿಸ್ ಸಿ ಹಾಗೆ ಹೋಗುವುದಿಲ್ಲ. ಅಮೃತಬಳ್ಳಿ, ಅಶ್ವಗಂಧದಿಂದಲೇ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ನಮ್ಮ ದೇಶದಲ್ಲೇ ದಾಖಲಾಗಿವೆ. ಈ 84 ದಿನ ಯಾವ ಕಷಾಯವೂ ಬೇಡ ಅಂತ ಕೈಮುಗಿದು ಕೇಳುತ್ತೇನೆ.

ಕುಡಿತದ ಬಗ್ಗೆ: ಬಿಟ್ಟರೆ ಲಿವರ್‌ಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಆದರೆ ಕುಡಿಯುತ್ತಾರೆ ಅಂತ ಮಾತ್ರೆ ತಡ ಮಾಡಬೇಡಿ. ಕುಡಿಯುವವರಿಗೂ ಈ ಮಾತ್ರೆ ಕೆಲಸ ಮಾಡುತ್ತದೆ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು. ಬಿಡಿಸುವ ಕೆಲಸ ಡಾಕ್ಟರ ಜೊತೆ ಸೇರಿ ಮಾಡಿ. ನಶೆಯ ಸೂಜಿ ಚುಚ್ಚಿಕೊಳ್ಳುವ ಅಭ್ಯಾಸ ಇದ್ದವರ ಮಾತೂ ಹಾಗೇ. ಬೈದರೆ ಅವರು ಆಸ್ಪತ್ರೆಗೆ ಬರುವುದನ್ನೇ ಬಿಡುತ್ತಾರೆ. ಒಮ್ಮೆ ವಾಸಿಯಾದರೂ ಈ ಕಾಯಿಲೆ ಮತ್ತೆ ಅಂಟಬಹುದು, ಇದಕ್ಕೆ ಲಸಿಕೆ ಇಲ್ಲ. ಹಾಗಾಗಿ ಸೂಜಿ ಹಂಚಿಕೊಳ್ಳದ ಹಾಗೆ ನೋಡಿಕೊಳ್ಳುವುದೂ ಚಿಕಿತ್ಸೆಯ ಭಾಗವೇ.

ಹೇಳುವುದೋ, ಬೇಡವೋ

ನಾವು ಮೊದಲ ಸಲ ಎಲ್ಲರಿಗೂ ಹೇಳಿದೆವು. ಅದರ ಫಲ ಒಂದು ಮದುವೆಮನೆಯಲ್ಲಿ ಗೊತ್ತಾಯಿತು. ಎಲ್ಲರಿಗೂ ಸ್ಟೀಲ್ ಲೋಟ, ಇವರಿಗೆ ಮಾತ್ರ ಪೇಪರ್ ಲೋಟ. ಇವರು ಏನೂ ಅನ್ನದೆ ನೀರು ಕುಡಿದು ಎದ್ದು ಬಂದರು.

ಹೆಪಟೈಟಿಸ್ ಸಿ ಹರಡುವುದು ರಕ್ತದಿಂದ. ಒಂದೇ ತಟ್ಟೆಯಲ್ಲಿ ಉಂಡರೆ, ತಬ್ಬಿಕೊಂಡರೆ, ಕೆಮ್ಮಿದರೆ, ಮಗುವಿಗೆ ಮುತ್ತು ಕೊಟ್ಟರೆ ಬರುವುದಿಲ್ಲ. ಬೇರೆ ಇಡಬೇಕಾದದ್ದು ಶೇವಿಂಗ್ ಬ್ಲೇಡು, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿ, ಸಕ್ಕರೆ ಪರೀಕ್ಷೆಯ ಸೂಜಿ. ಗಂಡ, ಹೆಂಡತಿ, ಕಾಯಿಲೆ ಇರುವ ತಾಯಿಗೆ ಹುಟ್ಟಿದ ಮಕ್ಕಳು ಒಂದು ಸಲ ಪರೀಕ್ಷೆ ಮಾಡಿಸಿಕೊಳ್ಳಲಿ.

ಹೇಳಲೇಬೇಕಾದವರು ಡಾಕ್ಟರು, ಹಲ್ಲಿನ ಡಾಕ್ಟರು, ಮನೆಯಲ್ಲಿ ಜೊತೆಗಿರುವವರು. ಉಳಿದವರಿಗೆ ಹೇಳುವುದು ರೋಗಿಯ ಇಷ್ಟ, ನಿಮ್ಮದಲ್ಲ. ಎರಡನೇ ಸಲ ನಾವು ಹೊರಗೆ ಹೇಳಿದ್ದು ಇಬ್ಬರಿಗೆ. ಅವರ ಅಣ್ಣನಿಗೆ, ಆಫೀಸಿನಲ್ಲಿ ರಜೆ ಕೊಡುವ ಒಬ್ಬರಿಗೆ. "ಲಿವರ್‌ಗೆ ಮೂರು ತಿಂಗಳ ಕೋರ್ಸ್ ನಡೀತಿದೆ" ಅಂದರೆ ಸಾಕಾಯಿತು. ಕಡಿಮೆ ಜನಕ್ಕೆ ಹೇಳುವುದೇ ಮೇಲು ಅಂತ ನನ್ನ ಅನುಭವ. ಆದರೆ ಯಾರಿಗೂ ಹೇಳದೆ ಒಬ್ಬರೇ ಹೊರುವುದು ಬೇಡ.

ಕೊನೆಯ ಮಾತ್ರೆ ಆದ ಮೇಲೆ

2008ರಲ್ಲಿ ಕೊನೆಯ ಸೂಜಿಯ ಹೊತ್ತಿಗೆ ವೈರಸ್ ಇರಲಿಲ್ಲ. ಮನೆಯಲ್ಲಿ ಹೋಳಿಗೆ ಮಾಡಿದೆ. ಆರು ತಿಂಗಳು ಬಿಟ್ಟು ನೋಡಿದರೆ ವಾಪಸ್ ಬಂದಿತ್ತು. ಅದಕ್ಕೇ ಹೇಳುತ್ತೇನೆ, ಕೊನೆಯ ಮಾತ್ರೆಯ ದಿನದ ರಿಪೋರ್ಟ್ ನಂಬಿ ಕೂರಬೇಡಿ. ಮಾತ್ರೆ ಮುಗಿದು 12 ವಾರದ ಮೇಲೆ ಮಾಡುವ ವೈರಲ್ ಲೋಡ್ ಪರೀಕ್ಷೆಯಲ್ಲಿ ವೈರಸ್ ಕಾಣದಿದ್ದರೆ ಮಾತ್ರ ವಾಸಿಯಾಯಿತು ಅಂತ ಲೆಕ್ಕ. ಎಷ್ಟೋ ಜನ ಈ ಪರೀಕ್ಷೆಗೇ ಹೋಗುವುದಿಲ್ಲ. ಮೈ ಹಗುರಾಗಿರುತ್ತದೆ, ಕೆಲಸ ಕಾದಿರುತ್ತದೆ. ಮೊದಲ ಡಬ್ಬಿ ತಂದ ದಿನವೇ ಕ್ಯಾಲೆಂಡರಿನಲ್ಲಿ 84 ದಿನ ಎಣಿಸಿ, ಮತ್ತೆ 84 ಎಣಿಸಿ ಆ ತಾರೀಖಿಗೆ ಸುತ್ತು ಹಾಕಿಡಿ.

ಸಿರೋಸಿಸ್ ಇದ್ದವರು, ಅದರ ಹೊಸ್ತಿಲಲ್ಲಿದ್ದವರು ವೈರಸ್ ಹೋದ ಮೇಲೂ ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನ್ ಮಾಡಿಸಬೇಕು. ಲಿವರ್ ಕ್ಯಾನ್ಸರಿನ ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಬೇಗ ಕಂಡರೆ ಚಿಕಿತ್ಸೆ ಇದೆ.

ನಮ್ಮ ಮನೆಯವರದ್ದು ಹೊಸ್ತಿಲಲ್ಲೇ ಇತ್ತು. ಅದಕ್ಕೆ ವರ್ಷಕ್ಕೆ ಎರಡು ಸಲ, ಜನವರಿಯಲ್ಲಿ, ಜುಲೈನಲ್ಲಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗುತ್ತೇವೆ. ಸರದಿಯಲ್ಲಿ ಕೂತಾಗ ಇಬ್ಬರೂ ಜಾಸ್ತಿ ಮಾತಾಡುವುದಿಲ್ಲ. ಸ್ಕ್ಯಾನ್ ಮಾಡುವವರು "ಏನಿಲ್ಲ, ಹಾಗೇ ಇದೆ" ಅಂದ ಮೇಲೆ ಎದುರಿನ ಹೋಟೆಲಿಗೆ ಹೋಗಿ ಬೆಣ್ಣೆದೋಸೆ ತಿನ್ನುತ್ತೇವೆ, ಆಮೇಲೆ ಒಂದೊಂದು ಕಾಫಿ.